ರಾತ್ರಿ ಮೂರು ಗಂಟೆಗೆ ಯಾರಿರುತ್ತಾರೆ? ಅಪ್ಪ ಅಮ್ಮನಿಗೆ ನೆರವಿನ ಮನೆ ಹುಡುಕುವವರಿಗೆ

ಅಮ್ಮ ಬಿದ್ದದ್ದು ರಾತ್ರಿ 3 ಗಂಟೆ 10 ನಿಮಿಷಕ್ಕೆ. ಸಮಯ ಇಷ್ಟು ಸರಿಯಾಗಿ ಗೊತ್ತಾಗಿದ್ದು ಹೇಗೆ ಅಂದರೆ, ಬೀಳುವಾಗ ಅವಳ ಕೈ ಟೀಪಾಯಿ ಮೇಲಿದ್ದ ಗಡಿಯಾರಕ್ಕೆ ತಗುಲಿತ್ತು. ಅದೂ ಕೆಳಗೆ ಬಿದ್ದು, ಸೆಲ್ ಕಳಚಿ, ಅಲ್ಲಿಗೇ ನಿಂತುಹೋಗಿತ್ತು. ಮೂಳೆ ಏನೂ ಮುರಿದಿರಲಿಲ್ಲ. ಆದರೆ ಏಳೋಕೆ ಆಗಲಿಲ್ಲ. ಹಾಸಿಗೆ ಮೇಲಿನ ಹೊದಿಕೆಯನ್ನ ಕೆಳಗೆಳೆದುಕೊಂಡು, ಬೆಳಿಗ್ಗೆ ಎಂಟಕ್ಕೆ ಆಯಾ ಬಂದು ಬಾಗಿಲು ತೆಗೆಯುವ ತನಕ ನೆಲದ ಮೇಲೇ ಮಲಗಿದ್ದಳು. ಹತ್ತಿರ ಹತ್ತಿರ ಐದು ಗಂಟೆ.

ನೋಡಿಕೊಳ್ಳೋಕೆ ಯಾರೂ ಇರಲಿಲ್ಲ ಅಂತಲ್ಲ. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಆಯಾ ಇರುತ್ತಿದ್ದರು. ಸಂಜೆ ನಾನು ಹೋಗಿ ಒಂದೆರಡು ಗಂಟೆ ಇದ್ದು ಬರುತ್ತಿದ್ದೆ. ದಿನಕ್ಕೆ ಹನ್ನೆರಡು ಗಂಟೆ ಜನ ಇದ್ದರು. ಬೇಕಾದ ಹೊತ್ತಿಗೆ ಮಾತ್ರ ಯಾರೂ ಇರಲಿಲ್ಲ.

ಅಣ್ಣ ಫೋನಿನಲ್ಲಿ, "ಎಲ್ಲಾದರೂ ಒಳ್ಳೆ ಜಾಗ ನೋಡು, ದುಡ್ಡಿನ ವಿಷಯ ನಾವಿಬ್ರೂ ಸೇರಿ ನೋಡ್ಕೊಳ್ಳೋಣ" ಅಂದ. ವಯಸ್ಸಾದವರು ಉಳಿದುಕೊಂಡು ದಿನದ ಕೆಲಸಕ್ಕೆ ನೆರವು ಪಡೆಯುವಂಥ ಜಾಗ ನೋಡೋಕೆ ನಾನು ಹೊರಟೆ. ಅದೇ ನಾನು ಮಾಡಿದ ಮೊದಲ ತಪ್ಪು. ಎರಡು ವಾರ ಬರೀ ಕಟ್ಟಡಗಳನ್ನು ನೋಡಿದೆ. ಲಿಫ್ಟು, ತೋಟ, ಗಾಜಿನ ಬಾಗಿಲು, ಗೋಡೆ ತುಂಬ ನಗುನಗುತ್ತಿರುವ ಮುದುಕರ ಫೋಟೋ. ಮನೆಗೆ ಬಂದು ಅಣ್ಣನಿಗೆ ಹೇಳಬೇಕಾದರೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ನೆನಪಾಗುತ್ತಿರಲಿಲ್ಲ. ಅಮ್ಮನಿಗೆ ಏನು ಬೇಕು ಅಂತ ನನಗೇ ಗೊತ್ತಿಲ್ಲದಿದ್ದಾಗ, ಅವರು ತೋರಿಸಿದ್ದೆಲ್ಲ ಚೆನ್ನಾಗೇ ಕಾಣುತ್ತದೆ ಅಲ್ವಾ?

ಮೊದಲು ಒಂದು ನೋಟ್‌ಬುಕ್

ನಾನು ಮೂವತ್ತು ವರ್ಷ ಲೆಕ್ಕ ಬರೆದವಳು. ಕೊನೆಗೆ ಅದೇ ಬುದ್ಧಿ ಉಪಯೋಗಕ್ಕೆ ಬಂತು. ಒಂದು ವಾರ ರಜೆ ಹಾಕಿ ಅಮ್ಮನ ಮನೆಯಲ್ಲೇ ಉಳಿದೆ. ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆದೆ: ಎಷ್ಟು ಹೊತ್ತಿಗೆ, ಯಾವ ಕೆಲಸಕ್ಕೆ, ಯಾವ ಥರದ ಸಹಾಯ, ಎಷ್ಟು ನಿಮಿಷ. ಮೂರನೇ ಕಾಲಂ ಬಹಳ ಮುಖ್ಯ. ಬರೀ ನೆನಪಿಸಿದರೆ ಸಾಕಿತ್ತಾ, ಪಕ್ಕದಲ್ಲಿ ನಿಂತಿದ್ದರೆ ಸಾಕಿತ್ತಾ, ಕೈ ಹಿಡಿಯಬೇಕಾಯ್ತಾ, ಇಲ್ಲ ಪೂರ್ತಿ ಕೆಲಸ ನಾನೇ ಮಾಡಬೇಕಾಯ್ತಾ? ಈ ನಾಲ್ಕರಲ್ಲಿ ಯಾವುದು ಅಂತ ಬರೆಯಬೇಕು.

ಆ ಪುಸ್ತಕದ ಒಂದು ದಿನದ ಸಾಲುಗಳು ಹೀಗಿವೆ:

ಬೆಳಿಗ್ಗೆ 5.40, ಹಾಸಿಗೆಯಿಂದ ಏಳಲು, ಕೈ ಹಿಡಿದೆ, 3 ನಿಮಿಷ.
7.30, ಸ್ನಾನ, ಬೆನ್ನು ಮತ್ತು ಕಾಲು ನಾನು ತೊಳೆದೆ, 25 ನಿಮಿಷ.
9.00, ಮಾತ್ರೆ, ನೆನಪಿಸಿದೆ, 1 ನಿಮಿಷ.
ರಾತ್ರಿ 1.20, ಬಾತ್‌ರೂಮ್, ತೋಳು ಹಿಡಿದು ಹೋಗಿ ಬಂದೆವು, 9 ನಿಮಿಷ.

ಏನೇನು ಗಮನಿಸಬೇಕು ಅನ್ನೋದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ವೈದ್ಯರು ತುಂಬ ವರ್ಷದಿಂದ ಬಳಸುತ್ತಿರುವ ಎರಡು ಪಟ್ಟಿ ಇವೆ. ಒಂದು, ಸಿಡ್ನಿ ಕಾಟ್ಜ್ ಅನ್ನುವ ವೈದ್ಯರು ಮತ್ತು ಅವರ ಜೊತೆಯವರು 1963ರಲ್ಲಿ ಪ್ರಕಟಿಸಿದ ಆರು ಕೆಲಸಗಳ ಪಟ್ಟಿ: ಸ್ನಾನ, ಬಟ್ಟೆ ಹಾಕಿಕೊಳ್ಳೋದು, ಶೌಚಕ್ಕೆ ಹೋಗಿಬರೋದು, ಹಾಸಿಗೆಯಿಂದ ಕುರ್ಚಿಗೆ ಬರೋದು, ಮಲಮೂತ್ರದ ಹಿಡಿತ, ಊಟ ಮಾಡೋದು. ಇನ್ನೊಂದು 1969ರಲ್ಲಿ ಲಾಟನ್ ಮತ್ತು ಬ್ರಾಡಿ ಮಾಡಿದ್ದು, ಇದರಲ್ಲಿ ಎಂಟು: ಫೋನ್ ಬಳಸೋದು, ಸಾಮಾನು ತರೋದು, ಅಡುಗೆ, ಮನೆಗೆಲಸ, ಬಟ್ಟೆ ಒಗೆಯೋದು, ಓಡಾಟ, ಮಾತ್ರೆ, ಹಣದ ಲೆಕ್ಕ. ಎರಡನೇ ಪಟ್ಟಿಯಲ್ಲಿ ಮಾತ್ರ ಕಷ್ಟ ಇದ್ದರೆ ಮನೆಯಲ್ಲೇ ಒಂದಿಷ್ಟು ಸಹಾಯದಿಂದ ನಡೆಯುತ್ತದೆ. ಮೊದಲ ಪಟ್ಟಿಯಲ್ಲಿ ಎರಡು ಮೂರಕ್ಕೆ ಕೈ ಬೇಕಾಗಿದೆ ಅಂದರೆ ಗಂಭೀರವಾಗಿ ಯೋಚಿಸುವ ಕಾಲ ಬಂದಿದೆ ಅಂತ.

ವಾರದ ಕೊನೆಗೆ ಕೂಡಿಸಿದೆ. ದಿನಕ್ಕೆ ಸುಮಾರು 110 ನಿಮಿಷ. ಎರಡು ಗಂಟೆ ಕೂಡ ಇಲ್ಲ! ಹನ್ನೆರಡು ಗಂಟೆ ಜನ ಇಟ್ಟುಕೊಂಡು ಎರಡು ಗಂಟೆ ಕೆಲಸಕ್ಕೆ ನಾವು ಸೋತಿದ್ದೆವು. ಆದರೆ ಆ 110 ನಿಮಿಷ ಹನ್ನೊಂದು ತುಂಡಾಗಿತ್ತು. ಅದರಲ್ಲಿ ನಾಲ್ಕು ತುಂಡು ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ನಡುವೆ.

ಇಲ್ಲಿ ನನಗೆ ವಿಷಯ ಹೊಳೆದಿದ್ದು. ಕೆಲಸಗಳಲ್ಲಿ ಕಾಯುವ ಕೆಲಸ, ಕಾಯದ ಕೆಲಸ ಅಂತ ಎರಡು ಜಾತಿ. ಬಟ್ಟೆ ಒಗೆಯೋದು ನಾಳೆವರೆಗೆ ಕಾಯುತ್ತದೆ. ಸ್ನಾನ ಹನ್ನೊಂದು ಗಂಟೆವರೆಗೆ ಕಾಯುತ್ತದೆ. ಬಾತ್‌ರೂಮಿಗೆ ಹೋಗೋದು ಕಾಯಲ್ಲ. ಬಿದ್ದವರನ್ನ ಎತ್ತೋದು ಕಾಯಲ್ಲ. ನೋಟ್‌ಬುಕ್ಕಿನಲ್ಲಿ ಕಾಯದ ಕೆಲಸಗಳ ಪಕ್ಕ ಒಂದೊಂದು ಕೆಂಪು ಚುಕ್ಕೆ ಇಡಿ. ಚುಕ್ಕೆಗಳು ಯಾವ ಹೊತ್ತಿನಲ್ಲಿ ಬಿದ್ದಿವೆ ಅನ್ನೋದೇ ನಿಮಗೆ ಯಾವ ವ್ಯವಸ್ಥೆ ಬೇಕು ಅಂತ ಹೇಳಿಬಿಡುತ್ತದೆ.

ಇನ್ನೊಂದು ಚಿಕ್ಕ ಪರೀಕ್ಷೆ, ಡಾಕ್ಟರ ಹತ್ತಿರ ಕಲಿತಿದ್ದು. ಕೈಯಿರುವ ಕುರ್ಚಿಯಲ್ಲಿ ಕೂರಿಸಿ. ಎದ್ದು, ಮೂರು ಮೀಟರ್ ನಡೆದು, ತಿರುಗಿ, ವಾಪಸ್ ಬಂದು ಕೂರಬೇಕು. ದಿನಾ ಕೋಲು ಹಿಡಿಯುವವರಾದರೆ ಕೋಲು ಹಿಡಿದೇ ನಡೆಯಲಿ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ ಅಂತ ತಿಳಿದು ಡಾಕ್ಟರಿಗೆ ತೋರಿಸಬೇಕು. ಅಮ್ಮನಿಗೆ 19 ಹಿಡಿಯಿತು. ಅದರಲ್ಲಿ ಆರು ಸೆಕೆಂಡ್ ಕುರ್ಚಿಯ ಕೈ ಮೇಲೆ ಭಾರ ಬಿಟ್ಟು ಏಳೋದಕ್ಕೇ ಹೋಯಿತು. ಪಕ್ಕದಲ್ಲಿ ನೀವು ನಿಂತಿರಿ. ಪರೀಕ್ಷೆಯಲ್ಲೇ ಬೀಳಿಸಬೇಡಿ.

ಏನೇನು ದಾರಿ ಇದೆ

ಹೆಸರುಗಳು ಒಂದೊಂದು ಕಡೆ ಒಂದೊಂದು ಥರ. ಬೋರ್ಡ್ ನೋಡಿ ನಂಬಬೇಡಿ, ಚುಕ್ಕೆ ಹಿಡಿದು ಅಳೆಯಿರಿ.

ಚುಕ್ಕೆಗಳೇ ಇಲ್ಲ, ಬರೀ ಕಾಯುವ ಕೆಲಸ ಅಂದರೆ, ಗಂಟೆ ಲೆಕ್ಕದಲ್ಲಿ ಮನೆಗೆ ಬರುವ ಸಹಾಯ ಸಾಕು. ಹಗಲು ಒಂಟಿತನವೇ ದೊಡ್ಡ ಕಷ್ಟ ಆಗಿದ್ದರೆ ಡೇ ಕೇರ್ ನೋಡಿ. ಬೆಳಿಗ್ಗೆ ಹೋಗಿ ಸಂಜೆ ಬರೋದು. ಮನೆಯಲ್ಲಿ ನೋಡಿಕೊಳ್ಳುವವರಿಗೂ ಒಂದು ಉಸಿರು ಸಿಗುತ್ತದೆ. ಡೆನ್ಮಾರ್ಕ್ 1987ರಲ್ಲಿ ಹಳೇ ಥರದ ನರ್ಸಿಂಗ್ ಹೋಂಗಳನ್ನು ಹೊಸದಾಗಿ ಕಟ್ಟೋದನ್ನೇ ನಿಲ್ಲಿಸುವ ಕಾನೂನು ಮಾಡಿತು. ಅದರ ಬದಲು ಹಿರಿಯರಿಗೆ ಹೊಂದುವ ಮನೆ, ಹಗಲು ರಾತ್ರಿ ಮನೆಗೇ ಬರುವ ನೆರವು ಅನ್ನುವ ದಾರಿ ಹಿಡಿಯಿತು. ರಾತ್ರಿ ಕರೆದರೂ ಬರುವ ವ್ಯವಸ್ಥೆ ನಿಮ್ಮಲ್ಲಿದ್ದರೆ ಮನೆ ಬಿಡುವ ಮಾತೇ ಬೇಡ.

ಮನೆಯಲ್ಲೇ ಉಳಿಯುವ ಆಯಾ ಅನ್ನೋದು ಎಲ್ಲರೂ ಮೊದಲು ಹೇಳುವ ಉಪಾಯ. ನಾವೂ ಯೋಚಿಸಿದೆವು. ಆದರೆ ಇಪ್ಪತ್ನಾಲ್ಕು ಗಂಟೆ ಒಬ್ಬರು ಅಂದರೆ ಅರ್ಥ ಏನು? ಅವರೂ ಮನುಷ್ಯರು, ಮಲಗಬೇಕು. ರಾತ್ರಿ ನಾಲ್ಕು ಸಲ ಎದ್ದವರು ಹಗಲು ಹೇಗೆ ಕೆಲಸ ಮಾಡುತ್ತಾರೆ? ನಿಜವಾಗಿ ಹಗಲು ರಾತ್ರಿ ಎಚ್ಚರದ ನೆರವು ಬೇಕಾದರೆ ಪಾಳಿ ಮೇಲೆ ಕನಿಷ್ಠ ಎರಡು ಮೂರು ಜನ, ರಜೆಯ ದಿನಕ್ಕೆ ಇನ್ನೊಬ್ಬರು. ಅಷ್ಟು ಜನರನ್ನ ಹುಡುಕಿ, ನಿಭಾಯಿಸೋದು ಒಂದು ಸಣ್ಣ ಆಫೀಸು ನಡೆಸಿದ ಹಾಗೆ. ಆಗುವವರು ಮಾಡಲಿ. ನನ್ನಿಂದ ಆಗುತ್ತಿರಲಿಲ್ಲ.

ಹಿರಿಯರಿಗಾಗಿಯೇ ಕಟ್ಟಿದ ಅಪಾರ್ಟ್‌ಮೆಂಟ್ ಅಥವಾ ಕಾಲೊನಿ ಇನ್ನೊಂದು. ಇಂಡಿಪೆಂಡೆಂಟ್ ಲಿವಿಂಗ್ ಅಂತಾರೆ. ನೆರೆಹೊರೆ ಸಿಗುತ್ತದೆ, ಮನೆಗೆಲಸದ ತಾಪತ್ರಯ ತಪ್ಪುತ್ತದೆ. ಕೈ ಹಿಡಿದು ಬಾತ್‌ರೂಮಿಗೆ ಕರೆದುಕೊಂಡು ಹೋಗುವವರು ಮಾತ್ರ ಸಾಮಾನ್ಯವಾಗಿ ಇರಲ್ಲ. ತುಂಬ ಜನ ಇಲ್ಲೇ ಎಡವುತ್ತಾರೆ. ಗೇಟಿನಲ್ಲಿ ಸೆಕ್ಯೂರಿಟಿ ಇದ್ದಾನೆ ಅಂದರೆ ರಾತ್ರಿ ನೋಡಿಕೊಳ್ಳುವವರು ಇದ್ದಾರೆ ಅಂತಲ್ಲ.

ಕೆಂಪು ಚುಕ್ಕೆ ದಿನವಿಡೀ ಚೆಲ್ಲಿದೆ, ಆದರೆ ಒಂದೊಂದೂ ಐದು ಹತ್ತು ನಿಮಿಷದ್ದು, ದಾದಿ ಮಾಡಬೇಕಾದ ಚಿಕಿತ್ಸೆ ಏನೂ ಇಲ್ಲ ಅಂದರೆ ಅದೇ ಅಸಿಸ್ಟೆಡ್ ಲಿವಿಂಗ್. ನೆರವಿನ ಮನೆ ಅಂತ ನಾನು ಕರೆಯುತ್ತೇನೆ. ಇದು ಹುಟ್ಟಿದ ಕಥೆ ಸ್ವಲ್ಪ ಹೇಳಬೇಕು, ಯಾಕಂದರೆ ನಾನು ಜಾಗಗಳನ್ನು ಅಳೆದದ್ದು ಅದೇ ಕೋಲಿನಿಂದ. ಅಮೆರಿಕದ ಕೆರೆನ್ ಬ್ರೌನ್ ವಿಲ್ಸನ್ ಅನ್ನುವವರ ತಾಯಿಗೆ 55ನೇ ವಯಸ್ಸಿನಲ್ಲಿ ಪಾರ್ಶ್ವವಾಯು ಹೊಡೆಯಿತು. ಆಮೇಲೆ ಅವರ ಬದುಕು ನರ್ಸಿಂಗ್ ಹೋಂಗಳಲ್ಲೇ ಕಳೆಯಿತು. ಅವರು ಮಗಳ ಹತ್ತಿರ ಕೇಳಿದ್ದು ದೊಡ್ಡದೇನಲ್ಲ. ತನ್ನದೇ ಒಂದು ಚಿಕ್ಕ ಜಾಗ, ತನ್ನ ಸಾಮಾನು, ಒಳಗಿನಿಂದ ಹಾಕಿಕೊಳ್ಳಬಹುದಾದ ಬಾಗಿಲು. ಮಗಳು ಓದಿ, ಹಠ ಹಿಡಿದು, 1983ರಲ್ಲಿ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ಪಾರ್ಕ್ ಪ್ಲೇಸ್ ಅನ್ನುವ ಜಾಗ ತೆರೆದರು. ಅಲ್ಲಿ ಪ್ರತಿಯೊಬ್ಬರಿಗೂ ಸ್ವಂತ ಮನೆ, ಸ್ವಂತ ಬೀಗ, ಸಹಾಯ ಬೇಕಾದರೆ ಕರೆದ ತಕ್ಷಣ ಜನ. ಹಾಗಾಗಿ ಯಾವ ಜಾಗಕ್ಕೆ ಹೋದರೂ ನಾನು ಕೇಳಿದ ಮೊದಲ ಪ್ರಶ್ನೆ, "ಕೋಣೆಯ ಬೀಗದ ಕೈ ಯಾರ ಹತ್ತಿರ ಇರುತ್ತದೆ?" ಅಲ್ಲಿ ಉಳಿಯುವವರು, ಸಿಬ್ಬಂದಿ, ಇಬ್ಬರ ಹತ್ತಿರವೂ ಇರಬೇಕು. ಒಂದು ಕಡೆ ಮ್ಯಾನೇಜರ್ ನನ್ನ ಮುಖ ನೋಡಿ, "ಬೀಗ ಯಾಕೆ ಬೇಕು?" ಅಂದರು. ಅಲ್ಲಿಂದ ಸುಮ್ನೆ ಎದ್ದು ಬಂದೆ.

ದಿನಾ ದಾದಿಯೇ ಮಾಡಬೇಕಾದ ಕೆಲಸ ಇದ್ದರೆ, ಉದಾಹರಣೆಗೆ ಗಾಯಕ್ಕೆ ಡ್ರೆಸಿಂಗ್, ನಳಿಕೆಯ ಮೂಲಕ ಊಟ, ಹಾಸಿಗೆ ಬಿಟ್ಟು ಏಳಲಾಗದ ಸ್ಥಿತಿ, ಆಗ ನರ್ಸಿಂಗ್ ಹೋಂ ಮಟ್ಟದ ಆರೈಕೆಯೇ ಬೇಕು. ಕನ್ನಡದಲ್ಲಿ ಈ ಹೆಸರು ಚಿಕ್ಕ ಆಸ್ಪತ್ರೆಗೂ ಸಲ್ಲುತ್ತದೆ. ನಾನು ಹೇಳುತ್ತಿರೋದು ದೀರ್ಘಕಾಲ ಉಳಿಯುವ ಜಾಗ. ಮರೆವಿನ ಕಾಯಿಲೆ ಜೋರಾಗಿ, ಹೊರಟರೆ ದಾರಿ ತಪ್ಪುವವರಿಗೆ ಮೆಮೊರಿ ಕೇರ್ ಅಂತ ಬೇರೆಯೇ ವಿಭಾಗ ಇರುತ್ತದೆ. ಅಲ್ಲಿ ಹೊರಬಾಗಿಲು ಭದ್ರವಾಗಿರುತ್ತದೆ. ಭದ್ರ ಅಂದರೆ ಜೈಲಿನ ಹಾಗಿರಬೇಕು ಅಂತೇನೂ ಇಲ್ಲ. ನೆದರ್ಲೆಂಡ್ಸ್‌ನಲ್ಲಿ ಹೋಗೆವೇಕ್ ಅನ್ನುವ ಜಾಗ 2009ರಲ್ಲಿ ಶುರುವಾಯಿತು. ಒಂದು ಪುಟ್ಟ ಊರಿನ ಹಾಗೆ ಬೀದಿ, ಅಂಗಡಿ, ಚೌಕ ಎಲ್ಲ ಒಳಗೇ ಇವೆ. ಮರೆವಿನವರು ತಮ್ಮ ಪಾಡಿಗೆ ಓಡಾಡುತ್ತಾರೆ. ಅಷ್ಟು ದೊಡ್ಡದು ಎಲ್ಲ ಕಡೆ ಸಿಗಲ್ಲ. ಆದರೂ ನೀವು ನೋಡುವ ಜಾಗದಲ್ಲಿ ನಡೆಯೋಕೆ ಒಂದು ಸುತ್ತುದಾರಿಯಾದರೂ ಇದೆಯಾ ನೋಡಿ.

ಈ ಎಲ್ಲ ಹಂತಗಳೂ ಒಂದೇ ಆವರಣದಲ್ಲಿರುವ ಜಾಗಗಳೂ ಇವೆ. ಗಂಡ ಹೆಂಡತಿ ಇಬ್ಬರಿದ್ದು, ಒಬ್ಬರಿಗೆ ಮಾತ್ರ ಜಾಸ್ತಿ ನೆರವು ಬೇಕಾದಾಗ ಇದು ಒಳ್ಳೆಯದು. ಬೇರೆ ಕಟ್ಟಡವಾದರೂ ನಡೆದು ಹೋಗಿ ನೋಡಬಹುದು.

ಬೆಲ್ ಒತ್ತಿ ನೋಡಿ

ಒಂದು ಜಾಗ ನಮಗೆ ತುಂಬ ಹಿಡಿಸಿತು. ಹೆಸರು ಬೇಡ. ಅಮ್ಮನನ್ನು ಹದಿನೈದು ದಿನ ಪ್ರಯೋಗಕ್ಕೆ ಬಿಟ್ಟೆವು. ಈ ಸೌಲಭ್ಯ ಎಲ್ಲಿ ಕೊಟ್ಟರೂ ಬಿಡಬೇಡಿ. ಮೂರನೇ ದಿನ ಅಮ್ಮ ಫೋನ್ ಮಾಡಿ, "ಬೆಲ್ ಇದೆ ಕಣೇ, ಆದ್ರೆ ಅದು ಯಾರಿಗೂ ಕೇಳಿಸಲ್ಲ ಅನ್ಸುತ್ತೆ" ಅಂದಳು. ಮಾರನೇ ದಿನ ರಾತ್ರಿ ಒಂಬತ್ತೂವರೆಗೆ ಹೋಗಿ ನಾನೇ ಬೆಲ್ ಒತ್ತಿ, ಗಡಿಯಾರ ನೋಡುತ್ತ ಕೂತೆ. ಹತ್ತು ನಿಮಿಷ. ಹದಿನೈದು. ಇಪ್ಪತ್ತೆರಡಕ್ಕೆ ನಾನೇ ಕೆಳಗಿಳಿದೆ. ಕೆಳಗಿನ ಮಹಡಿಯ ಮೇಜಿನ ಮೇಲೆ ನಮ್ಮ ಕೋಣೆಯ ದೀಪ ಕೆಂಪಗೆ ಮಿನುಗುತ್ತಿತ್ತು. ಮೇಜಿನ ಹಿಂದೆ ಖಾಲಿ ಕುರ್ಚಿ. ಮೂರು ಮಹಡಿಗೆ ರಾತ್ರಿ ಪಾಳಿಯಲ್ಲಿ ಇದ್ದದ್ದು ಒಬ್ಬಳೇ ಹುಡುಗಿ, ಅವಳು ಮೇಲೆ ಇನ್ಯಾರಿಗೋ ಬಟ್ಟೆ ಬದಲಿಸುತ್ತಿದ್ದಳು. ಅವಳ ತಪ್ಪು ಏನೂ ಇರಲಿಲ್ಲ. ಅಮ್ಮನನ್ನು ವಾಪಸ್ ಕರೆತಂದೆವು.

ಅದಕ್ಕೇ ಹೇಳೋದು, ಒಂದೇ ಸಲ ನೋಡಿ ಮುಗಿಸಬೇಡಿ. ಮೊದಲ ಸಲ ಹೇಳಿ ಹೋಗಿ, ಎರಡನೇ ಸಲ ಸಂಜೆ ಏಳರ ಮೇಲೆ ಅಥವಾ ರಜೆಯ ದಿನ ಮಧ್ಯಾಹ್ನ ಹೇಳದೆ ಹೋಗಿ. ರಾತ್ರಿ ಎಷ್ಟು ಜನ ಇರುತ್ತಾರೆ ಅಂತ ಕೇಳಿದರೆ ಸಾಲದು. ಎಷ್ಟು ಜನ ಎಚ್ಚರವಾಗಿರುತ್ತಾರೆ, ಎಷ್ಟು ಮಹಡಿಗೆ, ಎಷ್ಟು ನಿವಾಸಿಗಳಿಗೆ ಅಂತ ಬಿಡಿಸಿ ಕೇಳಿ. ಬೆಲ್ ಬಾತ್‌ರೂಮಿನಲ್ಲೂ ಇರಬೇಕು. ಅದರ ದಾರ ನೆಲದ ಹತ್ತಿರದವರೆಗೆ ಇಳಿದಿರಬೇಕು. ಬಿದ್ದವರ ಕೈ ಎಟುಕೋದು ಅಲ್ಲಿಗೇ ತಾನೆ. ಎಷ್ಟೋ ಕಡೆ ಒರೆಸಲು ಅಡ್ಡ ಅಂತ ಆ ದಾರವನ್ನು ಸುತ್ತಿ ಮೇಲೆ ಗಂಟು ಹಾಕಿರುತ್ತಾರೆ.

ನನ್ನ ಚೀಲದಲ್ಲಿ ಒಂದು ಅಳತೆ ಟೇಪ್ ಇರುತ್ತಿತ್ತು. ಬಾಗಿಲು ತೆರೆದಾಗ ನಡುವೆ 32 ಇಂಚು ಅಗಲ ಸಿಕ್ಕರೆ ಗಾಲಿಕುರ್ಚಿ ಹೋಗುತ್ತದೆ. ಕಮೋಡಿನ ಪಕ್ಕ ಹಿಡಿಕಂಬಿ ನೆಲದಿಂದ 33ರಿಂದ 36 ಇಂಚು ಎತ್ತರದಲ್ಲಿರಬೇಕು. ಇಳಿಜಾರು ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಇರಬೇಕು, ಅದಕ್ಕಿಂತ ಕಡಿದಾದರೆ ತಳ್ಳುವವರ ಸೊಂಟ ಮುರಿಯುತ್ತದೆ. ಕಂಬಿಯನ್ನು ಹಿಡಿದು ಜೋರಾಗಿ ಎಳೆದು ನೋಡಿ. ಒಂದು ಕಡೆ ನನ್ನ ಕೈಗೇ ಸ್ಕ್ರೂ ಸಡಿಲವಾಗಿ ಬಂತು.

ಮಾತ್ರೆ ಯಾರು ಕೊಡುತ್ತಾರೆ, ಕೊಟ್ಟದ್ದನ್ನು ಎಲ್ಲಿ ಬರೆಯುತ್ತಾರೆ ಅಂತ ಕೇಳಿ. ಬೇರೆಯವರ ವಿವರ ನೋಡೋದು ತಪ್ಪು, ಖಾಲಿ ಹಾಳೆ ತೋರಿಸಿದರೆ ಸಾಕು. ನಿವಾಸಿಗಳ ಕೋಣೆಗೆ ಹೋಗುವಾಗ ಸಿಬ್ಬಂದಿ ಬಾಗಿಲು ತಟ್ಟುತ್ತಾರಾ ನೋಡಿ. ಮಾತಾಡೋದು ಯಾರ ಜೊತೆ ಅನ್ನೋದನ್ನೂ ನೋಡಿ. ಒಂದು ಕಡೆ ಅಮ್ಮ ಎದುರಿಗೇ ಕೂತಿದ್ದರೂ ಅಲ್ಲಿನವರು ನನ್ನ ಕಡೆ ತಿರುಗಿ, "ಇವರಿಗೆ ಕಿವಿ ಕೇಳಿಸುತ್ತಾ?" ಅಂತ ಕೇಳಿದರು. ಅಮ್ಮ, "ನನಗೆ ಕೇಳಿಸುತ್ತೆ. ನಿಮಗೆ?" ಅಂದಳು. ಆ ಜಾಗ ಪಟ್ಟಿಯಿಂದ ಹೋಯಿತು.

ಒಪ್ಪಂದದಲ್ಲಿ ಹೊರಹೋಗುವ ಪುಟ

ಕಾಗದ ಕೈಗೆ ಬಂದಾಗ ನಾನು ಕೊನೆಯಿಂದ ಓದುತ್ತೇನೆ. ಯಾವ ಸ್ಥಿತಿ ಬಂದರೆ "ಇನ್ನು ನಮ್ಮಿಂದ ಆಗಲ್ಲ, ಕರೆದುಕೊಂಡು ಹೋಗಿ" ಅನ್ನುತ್ತಾರೆ? ಎದ್ದು ನಿಲ್ಲೋಕೆ ಇಬ್ಬರು ಬೇಕಾದಾಗಲಾ, ರಾತ್ರಿ ಓಡಾಡೋಕೆ ಶುರು ಮಾಡಿದಾಗಲಾ? ಎಷ್ಟು ದಿನ ಮುಂಚೆ ಹೇಳುತ್ತಾರೆ? ಇದು ಬರವಣಿಗೆಯಲ್ಲಿರಬೇಕು. "ಅದೆಲ್ಲ ನೋಡ್ಕೊಳ್ತೀವಿ ಬಿಡಿ" ಅನ್ನೋ ಮಾತಿಗೆ ಬೆಲೆ ಇಲ್ಲ.

ತುಂಬ ಕಡೆ ನೆರವಿನಲ್ಲಿ ಒಂದನೇ ಮಟ್ಟ, ಎರಡನೇ ಮಟ್ಟ ಅಂತ ಇರುತ್ತದೆ, ಮಟ್ಟ ಏರಿದ ಹಾಗೆ ಹಣವೂ ಏರುತ್ತದೆ. ಮಟ್ಟ ಏರಿದೆ ಅಂತ ತೀರ್ಮಾನಿಸುವವರು ಯಾರು, ನಮಗೆ ತೋರಿಸಿ ಏರಿಸುತ್ತಾರಾ ಅನ್ನೋದು ಕೇಳಲೇಬೇಕು. ಇಲ್ಲಿ ನನ್ನ ನೋಟ್‌ಬುಕ್ ಮತ್ತೆ ಕೆಲಸಕ್ಕೆ ಬಂತು. ಅವರು ಮೂರನೇ ಮಟ್ಟ ಅಂದರು. ನಾನು ಏಳು ದಿನದ ಸಾಲುಗಳನ್ನು ಮೇಜಿನ ಮೇಲಿಟ್ಟೆ. ಎರಡಕ್ಕೆ ಇಳಿದರು. ಉಳಿದಂತೆ ಡೆಪಾಸಿಟ್ ಯಾವಾಗ ವಾಪಸ್, ಆಸ್ಪತ್ರೆಗೆ ಸೇರಿದ ದಿನಗಳಿಗೂ ಕಟ್ಟಬೇಕಾ, ವರ್ಷಕ್ಕೆ ಎಷ್ಟು ಏರಿಸುತ್ತಾರೆ, ಯಾವ ಕಾನೂನಿನಡಿ ಪರವಾನಗಿ ಇದೆ ಅನ್ನೋದನ್ನು ಬರೆಸಿಕೊಳ್ಳಿ. ಅಪ್ಪ ಅಮ್ಮನ ಬುದ್ಧಿ ಚುರುಕಾಗಿರುವಾಗಲೇ, ಆಮೇಲೆ ಅವರ ಪರವಾಗಿ ಸಹಿ ಯಾರು ಮಾಡಬೇಕು, ಚಿಕಿತ್ಸೆಯ ತೀರ್ಮಾನ ಯಾರದು ಅಂತ ವಕೀಲರ ಹತ್ತಿರ ಕಾಗದ ಮಾಡಿಸಿಡಿ.

ಅಮ್ಮನ ಷರತ್ತು

ಇಷ್ಟೆಲ್ಲ ಮಾಡುವಾಗ, ಮನೆ ಬಿಟ್ಟು ಪೂರ್ತಿಯಾಗಿ ಹೋಗೋದಕ್ಕೆ ಒಪ್ಪಿಗೆನಾ ಅಂತ ಅಮ್ಮನನ್ನು ಕೇಳೋದು ಕೊನೆಗೆ ಉಳಿದಿತ್ತು, ನಾಚಿಕೆ ಆಗುತ್ತದೆ ಹೇಳೋಕೆ. ನೋಟ್‌ಬುಕ್ ಬರೆಯುವಾಗಲೇ ಜೊತೆಯಲ್ಲಿ ಕೂತು ಬರೆಯಬೇಕಿತ್ತು. ಮೊದಲ ಸಲ ಆ ಮಾತೆತ್ತಿದಾಗ ಅವಳು, "ಕಳಿಸ್ತೀರಾ ಅನ್ನು" ಅಂದು ಗೋಡೆ ಕಡೆ ತಿರುಗಿದಳು. ಎರಡು ದಿನ ಬಿಟ್ಟು ನೋಟ್‌ಬುಕ್ ಅವಳ ಕೈಗೇ ಕೊಟ್ಟೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. "ರಾತ್ರಿ ಒಂದು ಇಪ್ಪತ್ತಕ್ಕೆ ಅಂತ ಬರ್ದಿದೀಯ. ಒಂದು ಹತ್ತು ಅದು," ಅಂದಳು. ಆಮೇಲೆ ತನ್ನ ಷರತ್ತು ಹೇಳಿದಳು. ತನ್ನ ಕುರ್ಚಿ ಬರಬೇಕು. ರೇಡಿಯೋ ಬರಬೇಕು. ಬೀಗದ ಕೈ ತನ್ನ ಸೊಂಟದಲ್ಲಿರಬೇಕು. ಸ್ನಾನಕ್ಕೆ ಗಂಡಸರು ಬರಬಾರದು. ಒಂದು ತಿಂಗಳು ನೋಡಿ ಬೇಡ ಅಂದರೆ ವಾಪಸ್ ಕರೆತರಬೇಕು. ಅವಳ ಹಳೇ ಮನೆಯನ್ನು ಆ ಒಂದು ತಿಂಗಳು ಹಾಗೇ ಇಟ್ಟೆವು. ಅದು ಇದೆ ಅನ್ನುವ ಧೈರ್ಯದಲ್ಲೇ ಅವಳು ಹೊರಟಳು ಅಂತ ನನಗನ್ನಿಸುತ್ತದೆ.

ಮೊದಲ ಎರಡು ಮೂರು ವಾರ ಗೊಂದಲ, ಸಿಟ್ಟು, ನಿದ್ದೆಗೇಡು ಎಲ್ಲ ಇರುತ್ತದೆ. ಬಾತ್‌ರೂಮ್ ಯಾವ ಕಡೆ ಅಂತ ರಾತ್ರಿ ತಿಳಿಯಲ್ಲ. ಹಳೇ ಮನೆಯಲ್ಲಿ ಮಂಚದ ಯಾವ ಮಗ್ಗುಲಿಂದ ಇಳಿಯುತ್ತಿದ್ದರೋ ಅದೇ ಮಗ್ಗುಲಿಗೆ ಬಾತ್‌ರೂಮ್ ಬರುವ ಹಾಗೆ ಮಂಚ ಹಾಕಿಸಿ, ದಾರಿಗೆ ಒಂದು ರಾತ್ರಿ ದೀಪ ಇಡಿ. ಆದರೆ ಒಂದೇ ದಿನದಲ್ಲಿ ಇದ್ದಕ್ಕಿದ್ದಂತೆ ಸಂಬಂಧವಿಲ್ಲದ ಮಾತಾಡುವುದು, ಜನರ ಗುರುತು ಸಿಗದೆ ಇರುವುದು, ಮಂಪರು ಬಂದರೆ ಅದನ್ನ ಹೊಸ ಜಾಗದ ಬೇಸರ ಅಂತಲೋ ವಯಸ್ಸು ಅಂತಲೋ ಬಿಡಬೇಡಿ. ಸೋಂಕು, ನೀರಿನಂಶ ಕಡಿಮೆಯಾಗಿರೋದು, ಹೊಸ ಮಾತ್ರೆ, ಇವುಗಳಿಂದ ಹೀಗಾಗುತ್ತದೆ. ಅವತ್ತೇ ಡಾಕ್ಟರಿಗೆ ತೋರಿಸಿ. ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿಯ ಒಂದು ಪ್ರತಿ ನಿಮ್ಮ ಪರ್ಸಿನಲ್ಲೂ ಇರಲಿ.

ಅಮ್ಮ ಹೊಸ ಜಾಗಕ್ಕೆ ಹೋಗಿ ಈಗ ಏಳು ತಿಂಗಳು. ಈ ಜಾಗದಲ್ಲಿ ತೋಟವೂ ಇಲ್ಲ, ಗಾಜಿನ ಬಾಗಿಲೂ ಇಲ್ಲ. ಒಂದೇ ಮಹಡಿ, ರಾತ್ರಿ ಎಚ್ಚರವಾಗಿರುವವರು ಇಬ್ಬರು. ಮೊದಲ ವಾರ ನಾನು ಮೂರು ಸಲ ಬೆಲ್ ಒತ್ತಿ ನೋಡಿದೆ. ನಾಲ್ಕು ನಿಮಿಷ, ಎರಡು, ಐದು. ನಾಲ್ಕನೇ ಸಲ ಒತ್ತಲು ಹೋದಾಗ ಅಮ್ಮ ಕೈ ಹಿಡಿದು, "ಪಾಪ, ಸುಮ್ನೆ ಯಾಕೆ ಓಡಿಸ್ತೀಯ, ನಾನು ಬರ್ದಿಡ್ತಿದೀನಿ" ಅಂದಳು. ದಿಂಬಿನ ಕೆಳಗಿಂದ ನನ್ನದೇ ಹಳೇ ನೋಟ್‌ಬುಕ್ ತೆಗೆದಳು. ಖಾಲಿ ಇದ್ದ ಪುಟಗಳಲ್ಲಿ ಅವಳ ಅಕ್ಷರದಲ್ಲಿ ಕಾಲಂ ಎಳೆದಿತ್ತು. ಬೆಲ್ ಒತ್ತಿದ ಹೊತ್ತು, ಬಂದ ಹೊತ್ತು, ಬಂದವರ ಹೆಸರು. ಕೊನೆಯ ಕಾಲಮ್ಮಿನಲ್ಲಿ ನಾನು ಸಂಜೆ ಎಷ್ಟು ಹೊತ್ತಿಗೆ ಬಂದೆ ಅಂತಲೂ ಇತ್ತು. ಆ ವಾರ ಎರಡು ದಿನ ಅಲ್ಲಿ ಕೆಂಪು ಚುಕ್ಕೆ.